ಥಾಣೆಯ ನಿಲ್ದಾಣ: ಅಂದು ಮತ್ತು ಇಂದು

ನಮ್ಮ ದೇಶದ ರೈಲು ಪ್ರಯಾಣದ ಇತಿಹಾಸವು ಥಾಣೆಯ ಹೆಸರಿನೊಡನೆ ಆರಂಭವಾಗುತ್ತದೆ. 1853ನೆಯ ಇಸವಿ ಏಪ್ರಿಲ್ 16ರಂದು ಮಧ್ಯಾಹ್ನ ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಉಗಿಯಂತ್ರಗಳು 14 ಗಾಡಿಗಳನ್ನು ಎಳೆದುಕೊಂಡು ಮುಂಬಯಿಯ ಬೋರಿ ಬಂದರಿನಿಂದ ಹೊರಟವು. ಸುಮಾರು 400 ಮಂದಿ ಅತಿಥಿಗಳಿದ್ದ ಆ 21 ಮೈಲಿಗಳ ಪಯಣದ ಕೊನೆಯ ನಿಲ್ದಾಣವೇ ಥಾಣೆ. ಮರುವರ್ಷ ರೈಲುದಾರಿಯು ಖಾಡಿಯನ್ನು ದಾಟಿ ಕಲ್ಯಾಣವನ್ನು ಮುಟ್ಟಿತು.

ಅಂದು ನಿಲ್ದಾಣವೆಂದರೆ ರೈಲು ಬಂದು ನಿಲ್ಲುವ ಸ್ಥಳ. ಇಂದು ಅದು ಹಲವು ದಾರಿಗಳು ಕೂಡುವ ಸ್ಥಳ. ಡೊಂಬಿವಲಿ, ಕಲ್ಯಾಣಗಳಿಂದ ಬಂದವರು ಇಲ್ಲಿಳಿದು, 2004ರಲ್ಲಿ ತೆರೆದ ಮಾರ್ಗದಿಂದ ವಾಶಿಗೆ ಹೋಗುತ್ತಾರೆ. ಉಳಿದವರು ಬಸ್ಸನ್ನೋ ರಿಕ್ಷಾವನ್ನೋ ಹಿಡಿಯುತ್ತಾರೆ. ಹಳೆಯ ಪೇಟೆಯ ನಡುವಿನ ಈ ನಿಲ್ದಾಣಕ್ಕೆ ಅಗಲವಾಗಲು ಎಡೆ ಸಾಲದು. ಆದುದರಿಂದ ಅದು ಮೇಲಕ್ಕೆ ಬೆಳೆಯಿತು. ಪಶ್ಚಿಮ ದಿಕ್ಕಿನಲ್ಲಿ ಕಂಬಗಳ ಮೇಲೆ ಅಂಗಳವೊಂದನ್ನು ಕಟ್ಟಿ, ಬಸ್ಸುಗಳು ಅಲ್ಲಿಗೆ ಏರಿ ಬರುವಂತೆ ಮಾಡಿದರು. ಪಾದಚಾರಿ ಸೇತುವೆಯಿಂದ ಬಂದವರು ಕೆಳಗಿನ ಬೀದಿಗೆ ಇಳಿಯದೆಯೇ ಬಸ್ಸನ್ನೇರಬಹುದು. ಜನರು ಇದನ್ನು ಸ್ಯಾಟಿಸ್ ಎಂದು ಕರೆಯುತ್ತಾರೆ.

ನವಿ ಮುಂಬಯಿಯ ಮಾತು ಬೇರೆ. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಅಲ್ಲಿ ಊರನ್ನೂ ನಿಲ್ದಾಣವನ್ನೂ ಜೊತೆಯಾಗಿ ಯೋಜಿಸಿತು. 1992ರಲ್ಲಿ ರೈಲು ಬಂದ ವಾಶಿಯಲ್ಲಿ ನಿಲ್ದಾಣದ ಕಟ್ಟಡದಲ್ಲಿಯೇ ಕಚೇರಿಗಳಿಗೂ ಅಂಗಡಿಗಳಿಗೂ ಸ್ಥಳವುಂಟು. ಸೀವುಡ್ಸ್ ನಿಲ್ದಾಣದ ಮೇಲೆ 2017ರಿಂದ ದೊಡ್ಡ ಮಾಲ್ ಒಂದು ನಡೆಯುತ್ತಿದೆ. ಮಳಿಗೆಗಳಿಂದ ಬರುವ ಹಣವು ನಿಲ್ದಾಣದ ವೆಚ್ಚಕ್ಕೆ ನೆರವಾಗಲಿ ಎಂಬುದೇ ಇಂತಹ ಯೋಜನೆಗಳ ಹಿಂದಿನ ಲೆಕ್ಕ.

ಇದರಿಂದ ಅನುಕೂಲವುಂಟು, ಆದರೆ ಎಚ್ಚರವೂ ಬೇಕು. 2017ರ ಸೆಪ್ಟೆಂಬರ್ 29ರಂದು ಮುಂಬಯಿಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದಲ್ಲಿ, ಅಂದರೆ ಇಂದಿನ ಪ್ರಭಾದೇವಿಯಲ್ಲಿ, ಇಕ್ಕಟ್ಟಾದ ಸೇತುವೆಯ ಮೆಟ್ಟಿಲುಗಳ ಮೇಲೆ ನೂಕುನುಗ್ಗಲಾಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅದೇ ವರ್ಷ ಮುಂಬಯಿಯ ಉಚ್ಚ ನ್ಯಾಯಾಲಯವು ನಿಲ್ದಾಣಗಳಿಂದ 150 ಮೀಟರುಗಳೊಳಗೆ ಬೀದಿ ವ್ಯಾಪಾರವು ಕೂಡದೆಂದಿತು. ದಾರಿ ಮೊದಲು, ಅಂಗಡಿ ಅನಂತರ ಎಂಬುದೇ ಇದರ ತಾತ್ಪರ್ಯ. ಬುಟ್ಟಿಯಿಟ್ಟು ಮಾರುವವನಿಗೆ ಸಲ್ಲುವ ಈ ನೀತಿಯು ಗಾಜಿನ ಮಳಿಗೆಗೂ ಸಲ್ಲಬೇಕಲ್ಲವೆ?

ವಿದ್ಯಾರ್ಥಿಗಳೇ, ಮುಂದಿನ ಸಲ ನಿಲ್ದಾಣದಲ್ಲಿ ಇಳಿದಾಗ ಒಂದು ಲೆಕ್ಕ ಮಾಡಿ ನೋಡಿ. ರೈಲಿನಿಂದ ಬಸ್ಸಿಗೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು? ನಿಮ್ಮ ಅಜ್ಜಿಯು ಅಷ್ಟನ್ನೂ ನಿರ್ಭಯವಾಗಿ ನಡೆಯಬಲ್ಲರೆ? ನಿಲ್ದಾಣದ ಹಿರಿಮೆಯನ್ನು ಆ ಉತ್ತರದಿಂದಲೇ ಅಳೆಯತಕ್ಕದ್ದು.