ತರಾವಾದ ದಂಡೆಯಲ್ಲಿ ಉಬ್ಬರವೂ ಫಿರಂಗಿಯೂ

ಚಂದ್ರನ ಆಕರ್ಷಣೆಯಿಂದ ಸಮುದ್ರದಲ್ಲಿ ಉಬ್ಬರವಿಳಿತಗಳುಂಟಾಗುತ್ತವೆಂದು ಭೂಗೋಳದ ತರಗತಿಯಲ್ಲಿ ಬಾಯಿಪಾಠ ಮಾಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು, ಪರೀಕ್ಷೆ ಮುಗಿದೊಡನೆ ಅದನ್ನು ಮರೆತಿರಬಹುದು. ಆ ಪಾಠವು ಸಾವಿರಾರು ಯುವಕರ ಪ್ರಾಣಕ್ಕೆ ಸಂಬಂಧಪಟ್ಟ ಒಂದು ಸಂಗತಿಯನ್ನು ಇಲ್ಲಿ ವಿಚಾರಿಸುವೆವು.

ಶಾಂತಸಾಗರದ ಗಿಲ್ಬರ್ಟ್ ದ್ವೀಪಗಳಲ್ಲಿ, ಅಂದರೆ ಈಗಿನ ಕಿರಿಬಾಸ್ ದೇಶದಲ್ಲಿ, ತರಾವಾ ಎಂಬ ಹವಳದ ದ್ವೀಪಸಮೂಹವುಂಟು. ಅದರೊಳಗಿನ ಬೆಸಿಯೊ ದ್ವೀಪವು ಸುಮಾರು 2 ಮೈಲು ಉದ್ದ; ಅಗಲವು ಅರ್ಧ ಮೈಲಿಗೂ ಕಡಿಮೆ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಅಲ್ಲಿ ತೆಂಗಿನ ದಿಮ್ಮಿ, ಮರಳು, ಕಾಂಕ್ರೀಟುಗಳಿಂದ ಬಂಕರುಗಳನ್ನು ಕಟ್ಟಿಕೊಂಡು ಕಾದಿದ್ದರು.

1943ನೆಯ ನವೆಂಬರ್ 20ರ ಬೆಳಿಗ್ಗೆ ಅಮೆರಿಕದ ಯುದ್ಧನೌಕೆಗಳು ಎರಡೂವರೆ ಗಂಟೆಗಳಷ್ಟು ಕಾಲ ಸುಮಾರು 3000 ಟನ್ನು ಗುಂಡುಗಳನ್ನು ಆ ಅಂಗೈಯಗಲದ ನೆಲದ ಮೇಲೆ ಸುರಿಸಿದುವು. ಇನ್ನು ಅಲ್ಲಿ ಯಾರೂ ಉಳಿದಿರಲಾರರೆಂದು ಹಡಗಿನವರಲ್ಲಿ ಹಲವರು ನಂಬಿದರು. ಆದರೆ ತಗ್ಗಾದ ದ್ವೀಪಕ್ಕೆ ಹತ್ತಿರದಿಂದ ಹಾರಿಸಿದ ಗುಂಡುಗಳು ನೆಲಕ್ಕೆ ಸಮನಾಗಿ ಬಂದು, ನೀರಿನ ಮೇಲೆ ಎಸೆದ ಚಪ್ಪಟೆ ಕಲ್ಲಿನಂತೆ ಪುಟಿದು ಆಚೆಗೆ ಹೋದುವು. ಮರಳೂ ತೆಂಗಿನ ನಾರುಳ್ಳ ದಿಮ್ಮಿಗಳೂ ಹೊಡೆತವನ್ನು ನುಂಗಿಕೊಂಡುವು. ಎದ್ದ ಹೊಗೆ ಧೂಳುಗಳಲ್ಲಿ ಗುರಿಯೇ ಕಾಣದಾಯಿತು. ಅದಲ್ಲದೆ, ತಮ್ಮವರಿಗೇ ತಗಲೀತೆಂಬ ಭಯದಿಂದ, ಸೈನಿಕರು ದಡ ಮುಟ್ಟುವುದಕ್ಕೆ ಕಾಲು ಗಂಟೆಯ ಮೊದಲೇ ಫಿರಂಗಿಗಳನ್ನು ನಿಲ್ಲಿಸಿದರು. ಆ ಬಿಡುವಿನಲ್ಲಿ ಜಪಾನೀಯರು ಎದ್ದು ತಮ್ಮ ತಮ್ಮ ಕೋವಿಗಳ ಬಳಿಗೆ ಬಂದರು.

ಹವಳದ ದಿಬ್ಬವನ್ನು ಹತ್ತಿ ದಾಟಬಲ್ಲ ಬಂಡಿಗಳು ಮೊದಲ ತಂಡಗಳಿಗೆ ಮಾತ್ರ ಸಾಕಾಗುವಷ್ಟಿದ್ದುವು. ಹಿಂದಿನಿಂದ ಬಂದ ದೋಣಿಗಳಿಗೆ ಸುಮಾರು 4 ಅಡಿ ನೀರು ಬೇಕು. ದಿಬ್ಬದ ಮೇಲೆ ಇದ್ದುದೋ 3 ಅಡಿ! ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಏರುವಷ್ಟು ನೀರು ಅಷ್ಟಮಿಯಲ್ಲಿ ಏರದೆಂಬುದನ್ನು ನಮ್ಮ ಕರಾವಳಿಯ ಮೊಗವೀರರೂ ಬಲ್ಲರು. ಅಂದು ಕೃಷ್ಣಪಕ್ಷದ ಅಷ್ಟಮಿಯ ಸಮಯ. ಮೇಲಾಗಿ ಚಂದ್ರನು ಭೂಮಿಗೆ ಅತಿ ದೂರದಲ್ಲಿದ್ದನೆಂಬುದು 1987ರಲ್ಲಿ ಲೆಕ್ಕದಿಂದ ಗೊತ್ತಾಯಿತು. ಆ ದ್ವೀಪಗಳಲ್ಲಿ ಬಹುಕಾಲ ವಾಸಮಾಡಿದ್ದ ಮೇಜರ್ ಹಾಲೆಂಡರು ನೀರು ಸಾಲದೆಂದು ಮೊದಲೇ ಎಚ್ಚರಿಸಿದ್ದರು. ಅವರ ಮಾತು ಕೇಳಿಬಂದಾಗ ಸಿದ್ಧತೆಯನ್ನು ಬದಲಿಸುವ ಕಾಲ ಮೀರಿತ್ತು.

ದೋಣಿಗಳು ತಡೆದು ನಿಂತುದರಿಂದ ಸೈನಿಕರು ನೀರಿಗಿಳಿದು, ಕೋವಿಗಳನ್ನು ತಲೆಯ ಮೇಲೆತ್ತಿಕೊಂಡು, ಸುಮಾರು 500 ಗಜ ನಡೆಯಬೇಕಾಯಿತು. ಮರೆಯೆಂಬುದೇ ಇರಲಿಲ್ಲ. 76 ಗಂಟೆಗಳ ಕದನದಲ್ಲಿ ಸುಮಾರು 1000 ಮಂದಿ ಅಮೆರಿಕದವರು ಸತ್ತರು. ಎದುರು ಪಕ್ಷದ 4500ಕ್ಕೂ ಮಿಕ್ಕಿದವರಲ್ಲಿ ಜೀವಸಹಿತ ಸೆರೆಸಿಕ್ಕವರು 17 ಜಪಾನೀಯರು, 129 ಕೊರಿಯದ ಕೂಲಿಗಳು. ಈ ಕೂಲಿಗಳಿಗೆ ಆ ಜಗಳದಲ್ಲಿ ಏನು ಪಾಲಿತ್ತೋ ನಾವರಿಯೆವು.

ಆಗ ನಿಜವಾಗಿ ನೆರವಾದುವು ದೊಡ್ಡ ಹಡಗುಗಳಲ್ಲ, ಒಳಗಣ ಕೊಳದಂಥ ಕಡಲಿಗೆ ನುಗ್ಗಿ ಗುರಿ ನೋಡಿ ಹೊಡೆದ ರಿಂಗ್‌ಗೋಲ್ಡ್, ಡ್ಯಾಶಿಯೆಲ್ ಎಂಬ ಎರಡು ಚಿಕ್ಕ ನೌಕೆಗಳು. ತರುವಾಯ ಹವಾಯಿಯ ಕಹೊಓಲಾವೆ ದ್ವೀಪದಲ್ಲಿ ಬೆಸಿಯೊದ ಮಾದರಿಯ ಬಂಕರುಗಳನ್ನೇ ಕಟ್ಟಿ, ಗುಂಡನ್ನು ಮೇಲಿನಿಂದ ಬೀಳಿಸುವುದನ್ನೂ ಅವಸರವಿಲ್ಲದೆ ಒಂದೊಂದೇ ಗುರಿಯನ್ನು ಕೆಡಹುವುದನ್ನೂ ಅಭ್ಯಾಸಮಾಡಿದರು. 1944ರ ಫೆಬ್ರವರಿಯಲ್ಲಿ ಕ್ವಾಜಲೀನನ್ನು ಹಿಡಿಯುವಾಗ ಅಮೆರಿಕದವರಲ್ಲಿ ಸತ್ತವರು 400ಕ್ಕಿಂತ ಕಡಿಮೆ. ಜಪಾನೀಯರ ಕಡೆಯಲ್ಲಿ ಸುಮಾರು 8000.