ಅಡಿಕೆ ಮರ ಹತ್ತುವ ಸ್ಪರ್ಧೆ: ಸಿದ್ಧತೆ ಮತ್ತು ಎಚ್ಚರಿಕೆ



ಮಲೆನಾಡು ಮತ್ತು ಕರಾವಳಿಯ ಅಡಿಕೆ ಸೀಮೆಯಲ್ಲಿ ಕೊನೆ ಕೊಯ್ಯಲು, ಮಳೆಗಾಲದಲ್ಲಿ ಕೊಳೆರೋಗ ತಡೆಗೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಲು ಮರ ಹತ್ತಬಲ್ಲ ಆಳುಗಳು ಸಿಗುವುದು ದುರ್ಲಭವಾಗಿದೆ. ಆದ್ದರಿಂದ ಮರ ಹತ್ತುವ ಸ್ಪರ್ಧೆ ಬರಿಯ ವಿನೋದವಲ್ಲ. ತರುಣರಿಗೆ ಕಸುಬಿನ ಹೆಮ್ಮೆ ಕಲಿಸುವ ಸಾಧನ. ಆದರೆ ಒಂದು ತಪ್ಪು ಹೆಜ್ಜೆ ಪ್ರಾಣಕ್ಕೇ ಕುತ್ತು ತರಬಲ್ಲದು. ಸ್ಪರ್ಧಿಗಳು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಅವಶ್ಯ.

1. ಮರದ ಪರೀಕ್ಷೆ: ನೈರುತ್ಯ ದಿಕ್ಕಿನ ಬಿಸಿಲಿಗೆ ಸುಟ್ಟು ಸೀಳಿದ ಕಾಂಡ, ಬುಡದಲ್ಲಿ ಅಣಬೆ ಎದ್ದ ಅಥವಾ ಕಂದು ರಸ ಸೋರುವ ಮರ, ತುದಿ ಸಪೂರಾದ ಮರ ಇವುಗಳನ್ನು ಬಿಡತಕ್ಕದ್ದು. ಹತ್ತಿರದಲ್ಲಿ ವಿದ್ಯುತ್ ತಂತಿ, ಕಣಜದ ಗೂಡು ಇರಕೂಡದು. ಮಳೆ ಬಂದ ದಿನ ಹಾವಸೆ ಜಾರುವುದರಿಂದ ಸ್ಪರ್ಧೆಯನ್ನು ಮುಂದೂಡುವುದೇ ಉಚಿತ.

2. ತಳೆ: ಪಾದಗಳೆರಡೂ ಮರದ ಇಕ್ಕೆಲಗಳನ್ನು ಒತ್ತಿ ಹಿಡಿಯುವಂತೆ ತಳೆಯ ಅಳತೆ ಇರಬೇಕು. ಸಡಿಲವಾದರೆ ಕಾಲು ಜಾರುತ್ತದೆ. ಅತಿ ಬಿಗಿಯಾದರೆ ಪಾದ ಜೋಮು ಹಿಡಿಯುತ್ತದೆ. ಸವೆದ ತಳೆಯನ್ನು ಬಳಸಬಾರದು. ಮೊದಲು ಮೊಣಕಾಲೆತ್ತರದಲ್ಲಿ ನಿಂತು ಪೂರ್ತಿ ಭಾರ ಬಿಟ್ಟು ನೋಡಿರಿ.

3. ಹತ್ತುವ ಕ್ರಮ: ದೇಹವನ್ನು ಮೇಲೆತ್ತುವ ಕೆಲಸ ಕಾಲಿನದು, ಕೈಗಳದು ಹಿಡಿತ ಮಾತ್ರ. ಕೈಗಳಿಂದ ಮರ ತಬ್ಬಿ ಮೊಣಕಾಲು ಮಡಚಿರಿ, ಪಾದ ಊರಿರಿ, ಕಾಲು ನೆಟ್ಟಗೆ ಮಾಡಿ ಮೇಲೇಳಿರಿ, ಅನಂತರ ಕೈ ಸರಿಸಿರಿ. ಹೊಸಬರು ಹೆಜ್ಜೆ ದೊಡ್ಡದಿಟ್ಟು ಬೇಗ ದಣಿಯುತ್ತಾರೆ. ಆರಂಭದಲ್ಲೇ ಶಕ್ತಿ ಸುರಿಯದೆ ಸಮವೇಗದಲ್ಲಿ ಏರಿರಿ. ಮರ ಹೆಚ್ಚು ತೂಗುವುದು ಮೇಲ್ಭಾಗದಲ್ಲೇ.

4. ಇಳಿಯುವುದು: ಗೆದ್ದೆನೆಂಬ ಆತುರದಲ್ಲಿ ಸರ್ರನೆ ಜಾರಿದರೆ ಎದೆ, ತೋಳಿನ ಚರ್ಮ ಕಿತ್ತುಬರುತ್ತದೆ, ಹಿಡಿತವೂ ತಪ್ಪುತ್ತದೆ. ಹತ್ತಿದಂತೆಯೇ ಹೆಜ್ಜೆ ಹೆಜ್ಜೆಯಾಗಿ ಇಳಿಯಿರಿ.

5. ಅಭ್ಯಾಸ: ಕೆಲವು ವಾರ ಮುಂಚಿತವಾಗಿ ಅನುಭವಿಗಳ ಎದುರಿನಲ್ಲಿ 2-3 ಮೀಟರ್ ಎತ್ತರದಲ್ಲೇ ಹತ್ತಿ ಇಳಿದು ಕಲಿಯಿರಿ. ಹೊಟ್ಟೆ ತುಂಬ ಉಂಡು, ಮದ್ಯ ಸೇವಿಸಿ, ಜ್ವರವಿದ್ದಾಗ ಮರ ಹತ್ತಲೇಬಾರದು.

6. ಸುರಕ್ಷತೆ: ಸೊಂಟದ ಪಟ್ಟಿಗೆ ಜೋಡಿಸಿದ ಹಗ್ಗವು ಜಾರಿದಾಗ ಮರಕ್ಕೆ ತಾನೇ ಬಿಗಿದುಕೊಳ್ಳುವಂತಿರಬೇಕು. ಸುಮ್ಮನೆ ಬಳಸಿದ ಹಗ್ಗ ಮನುಷ್ಯನೊಡನೆ ತಾನೂ ಜಾರಿಬಿಡುತ್ತದೆ. ಯಾರಾದರೂ ಬಿದ್ದರೆ ಕೂಡಲೇ ಎತ್ತಿ ಕೂರಿಸಬೇಡಿ, ಬೆನ್ನುಹುರಿಗೆ ಪೆಟ್ಟಾಗಿರಬಹುದು. ಕತ್ತು, ಬೆನ್ನು ಅಲುಗದಂತೆ ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಿರಿ.

ಸ್ಪರ್ಧೆ ನಡೆಸುವವರಿಗೂ ಒಂದು ಮಾತು. ಮರಗಳ ಆರೈಕೆಯ ಕಸುಬುದಾರರಿಗಾಗಿ 1976ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಸ್ಪರ್ಧೆಯಲ್ಲಿ ವೇಗವೊಂದೇ ಅಳತೆಗೋಲಲ್ಲ; ಮರದ ಮೇಲೆ ಗಾಯಗೊಂಡವನನ್ನು ಕೆಳಗಿಳಿಸುವ ಕೌಶಲವೂ ಒಂದು ವಿಭಾಗ. ನಮ್ಮಲ್ಲಿಯೂ ಗಡಿಯಾರ ಒಂದನ್ನೇ ನೋಡದೆ ತಳೆಯ ಕ್ರಮ, ಹಗ್ಗದ ಬಳಕೆ, ಕ್ಷೇಮವಾಗಿ ಇಳಿಯುವುದು ಇವುಗಳಿಗೂ ಅಂಕ ಕೊಡುವುದು ಒಳ್ಳೆಯದು. ಸ್ಪರ್ಧೆಯಲ್ಲಿ ಕಲಿತ ಅಭ್ಯಾಸವೇ ನಾಳೆ ತೋಟದಲ್ಲಿ ಕಾಯುತ್ತದೆ. ಬಹುಮಾನ ಯಾರಿಗೇ ಸಿಗಲಿ, ಹತ್ತಿದವರೆಲ್ಲರೂ ಸಂಜೆ ತಮ್ಮ ಕಾಲ ಮೇಲೆ ನಡೆದು ಮನೆ ಸೇರಬೇಕು.