ಬಾಲಲೀಲೆಯ ಭಾಗ್ಯ

ಶ್ರೀಮದ್ಭಾಗವತದ ದಶಮಸ್ಕಂಧದ 8ನೆಯ ಅಧ್ಯಾಯದಲ್ಲಿ ಪರೀಕ್ಷಿತ ಮಹಾರಾಜನು ಶುಕಮುನಿಗಳಲ್ಲಿ ಒಂದು ಮಾರ್ಮಿಕವಾದ ಪ್ರಶ್ನೆಯನ್ನು ಮುಂದಿಡುತ್ತಾನೆ. ಹೆತ್ತವರಾದ ದೇವಕೀ ವಸುದೇವರಿಗೇ ಲಭಿಸದ ಶ್ರೀಕೃಷ್ಣನ ಬಾಲಲೀಲೆಯ ಸುಖವು ಯಶೋದೆಗೂ ನಂದನಿಗೂ ಲಭಿಸಬೇಕಾದರೆ ಅವರು ಮಾಡಿದ್ದ ಪುಣ್ಯವಾದರೂ ಎಂಥದು? ಕೇಳಿದವನು ಏಳೇ ದಿನಗಳಲ್ಲಿ ದೇಹವನ್ನು ಬಿಡಬೇಕಾಗಿದ್ದವನು. ಅಂಥವನಿಗೂ ಮಗುವಿನ ಆಟಪಾಟಗಳನ್ನು ಕಣ್ಣಾರೆ ಕಾಣುವುದು ಒಂದು ಮಹಾಭಾಗ್ಯವೆಂದು ತೋರಿತು. ಮಗನನ್ನು ಪಡೆಯುವುದು ಬೇರೆ, ಮಗನ ಬಾಲ್ಯವನ್ನು ಪಡೆಯುವುದು ಬೇರೆ.

ಈ ಭೇದವು 45ನೆಯ ಅಧ್ಯಾಯದಲ್ಲಿ ಮತ್ತಷ್ಟು ಸ್ಪಷ್ಟವಾಗುತ್ತದೆ. ಕಂಸವಧೆಯಾಗಿದೆ, ತಂದೆತಾಯಿಗಳ ಬಂಧನ ಕಳಚಿದೆ. ಆಗ ಕೃಷ್ಣನು ಅವರೆದುರು ತನ್ನ ಪರಾಕ್ರಮವನ್ನು ಹೇಳಿಕೊಳ್ಳುವುದಿಲ್ಲ. ತಮ್ಮ ಬಾಲ್ಯ ಕೈಶೋರಗಳ ಸುಖವು ಹೆತ್ತವರಿಗೆ ದೊರೆಯದೆ ಹೋಯಿತೆಂದು ವಿಷಾದಿಸುತ್ತಾನೆ. ತಂದೆಯ ಮನೆಯಲ್ಲಿ ಮುದ್ದಿನಿಂದ ಬೆಳೆಯುವ ಸುಖವು ತಮಗೂ ತಪ್ಪಿತೆನ್ನುತ್ತಾನೆ. ನಷ್ಟವು ಹಿರಿಯರಿಗೆ ಮಾತ್ರವಲ್ಲ, ಮಗುವಿಗೂ ಆಯಿತು ಎಂಬುದು ಇಲ್ಲಿಯ ಸೂಕ್ಷ್ಮ. ಸೆರೆಯಿಂದ ಬಿಡಿಸಿದ ಭಗವಂತನೂ ಕಳೆದುಹೋದ ಆ ದಿನಗಳನ್ನು ಅವರಿಗೆ ಮರಳಿ ಕೊಡಲಿಲ್ಲ. ತಮಿಳುನಾಡಿನಲ್ಲಿ ನೆಲಸಿದ ಕನ್ನಡಿಗರು ಕುಲಶೇಖರ ಆಳ್ವಾರರ ‘ಪೆರುಮಾಳ್ ತಿರುಮೊಳಿ’ಯ ಹೆಸರನ್ನು ಕೇಳಿರಬಹುದು. ಅದರ ಏಳನೆಯ ದಶಕವು ಪೂರ್ಣವಾಗಿ ದೇವಕಿಯ ಈ ಅಳಲಿಗೇ ಮೀಸಲಾಗಿದೆ.

ಹಾಗಾದರೆ ಯಶೋದೆಗೆ ಬಿಡುವು ಹೆಚ್ಚಾಗಿತ್ತೇ? ಇಲ್ಲ. 9ನೆಯ ಅಧ್ಯಾಯದಲ್ಲಿ ದಾಸಿಯರು ಬೇರೆ ಕೆಲಸಗಳಲ್ಲಿ ತೊಡಗಿದ್ದಾರೆ. ಅವಳೇ ಮೊಸರು ಕಡೆಯುತ್ತಿದ್ದಾಳೆ. ಕಡೆಯುತ್ತಲೇ ಮಗುವಿನ ಲೀಲೆಗಳನ್ನು ನೆನೆದು ಹಾಡುತ್ತಾಳೆ. ಮಗು ಬಂದು ಕಡೆಗೋಲನ್ನು ಹಿಡಿದಾಗ ತೊಡೆಯ ಮೇಲೆ ಕೂರಿಸಿಕೊಂಡು ಹಾಲೂಡುತ್ತಾಳೆ. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಮಗುವನ್ನು ಅರ್ಧದಲ್ಲಿಯೇ ಇಳಿಸಿ ಓಡುತ್ತಾಳೆ. ಮುನಿದ ಮಗು ಮೊಸರಿನ ಗಡಿಗೆಯನ್ನು ಒಡೆಯುತ್ತದೆ. ಮುಂದೆ ಒರಳಿಗೆ ಕಟ್ಟಲು ಹೊರಟರೆ ಹಗ್ಗಕ್ಕೆ ಎಷ್ಟು ಹಗ್ಗ ಸೇರಿಸಿದರೂ ಎರಡೇ ಅಂಗುಲ ಸಾಲದು. ಕಡೆಗೆ ಬೆವರಿ ಬಳಲಿದ ತಾಯಿಯನ್ನು ಕಂಡು ಕನಿಕರಿಸಿ ಕೃಷ್ಣನೇ ಕಟ್ಟಿಗೆ ಒಳಗಾಗುತ್ತಾನೆ. ಬ್ರಹ್ಮನಿಗೂ ಶಿವನಿಗೂ ಲಕ್ಷ್ಮಿಗೂ ದೊರೆಯದ ಅನುಗ್ರಹವು ಈ ಗೊಲ್ಲತಿಗೆ ದೊರೆಯಿತೆಂದು ಶುಕಮುನಿಗಳು ಕೊಂಡಾಡುತ್ತಾರೆ. ಹಾಲು ಉಕ್ಕಿದಾಗ ಎದ್ದುಹೋದುದಕ್ಕಾಗಿ ಭಾಗವತವು ಅವಳನ್ನು ದೂರುವುದಿಲ್ಲ. ಹಾಲನ್ನಿಳಿಸಿ ಅವಳು ಮತ್ತೆ ಮಗುವಿದ್ದಲ್ಲಿಗೇ ಬಂದಳು.

ಮಹಾನಗರದ ಸಂಸಾರಗಳಲ್ಲಿ ಉಕ್ಕುವ ಹಾಲಿಗೆ ಕೊನೆಯಿಲ್ಲ. ಮಗು ಏಳುವ ಮುನ್ನವೇ ತಂದೆಯು ಲೋಕಲ್ ಗಾಡಿಯನ್ನೋ ಬಸ್ಸನ್ನೋ ಹಿಡಿಯಬೇಕು; ಮರಳುವಾಗ ಮಗು ನಿದ್ರಿಸಿರುತ್ತದೆ. ತಾಯಿಗೂ ಅನೇಕ ಮನೆಗಳಲ್ಲಿ ಕಚೇರಿಯ ದುಡಿಮೆಯುಂಟು. ಇದೆಲ್ಲವೂ ಮಕ್ಕಳ ಏಳಿಗೆಗಾಗಿಯೇ ಎಂಬುದು ಸತ್ಯ. ಆದರೆ ಮನೆಯಲ್ಲಿರುವ ಹೊತ್ತನ್ನೂ ಪತ್ರಿಕೆ, ದೂರವಾಣಿ, ದೂರದರ್ಶನಗಳಿಗೆ ಒಪ್ಪಿಸಿಬಿಟ್ಟರೆ, ಸೆರೆಮನೆಯಿಲ್ಲದೆಯೇ ದೇವಕೀ ವಸುದೇವರ ಪಾಡು ನಮ್ಮದಾಗುತ್ತದೆ.

ಹೊರನಾಡಿನಲ್ಲಿ ಈ ನಷ್ಟಕ್ಕೆ ಇನ್ನೊಂದು ಮುಖವೂ ಉಂಟು. ಇಲ್ಲಿ ಬೀದಿಯ ಮಾತು ಬೇರೆ, ಶಾಲೆಯ ಮಾತು ಬೇರೆ. ಮಗುವಿಗೆ ಕನ್ನಡವು ದೊರೆಯುವುದು ಹೆಚ್ಚಾಗಿ ತಾಯಿಯ ಕೈತುತ್ತಿನೊಡನೆ, ಅಜ್ಜಿಯ ಕಥೆಯೊಡನೆ, ತಂದೆಯ ಹೆಗಲಿನ ಮೇಲೆ. ಆ ಹೊತ್ತುಗಳು ಬರಿದಾದರೆ ಭಾಷೆಯೂ ಬರಿದಾಗುತ್ತದೆ.

ನವರಾತ್ರಿಯು ಇದಕ್ಕೆ ಒದಗಿದ ಸುಮುಹೂರ್ತ. ಪಟ್ಟದ ಗೊಂಬೆಗಳನ್ನು ಕೂರಿಸುವಾಗ ಮಗುವಿನ ಕೈಗೂ ಒಂದು ಗೊಂಬೆಯನ್ನು ಕೊಡಬೇಕು. ಸಾಲು ಓರೆಯಾದರೆ ಆಗಲಿ. ಆ ಗೊಂಬೆಯ ಕಥೆಯನ್ನು ಕನ್ನಡದಲ್ಲಿಯೇ ಹೇಳಬೇಕು. ವಿಜಯದಶಮಿಯಂದು ಹರಿವಾಣದ ಅಕ್ಕಿಯಲ್ಲಿ ಅಕ್ಷರವನ್ನು ತಿದ್ದಿಸುವಾಗ ತಂದೆಯು ಅವಸರಿಸದೆ ಆ ಪುಟ್ಟ ಬೆರಳನ್ನು ಹಿಡಿದಿರಬೇಕು. ದಿನವೂ ದೀಪ ಹಚ್ಚುವ ಹೊತ್ತಿಗಾಗಲಿ ಊಟದ ಹೊತ್ತಿಗಾಗಲಿ ಒಂದು ಗಳಿಗೆ ಎಲ್ಲರೂ ಕೂಡಿ ಕುಳಿತರೆ ಅದೂ ಪೂಜೆಯೇ.

ಕೃಷ್ಣನು ನಂದಗೋಕುಲದಲ್ಲಿ ಇದ್ದುದು 11 ವರ್ಷಗಳೆಂದು ಭಾಗವತವು ಹೇಳುತ್ತದೆ. ಅನಂತರ ಅಕ್ರೂರನ ರಥ ಬಂದಿತು. ಪ್ರತಿಯೊಂದು ಮನೆಯ ಬಾಗಿಲಿಗೂ ಒಂದು ದಿನ ವಿದ್ಯೆಯ, ಉದ್ಯೋಗದ, ವಿವಾಹದ ರಥ ಬಂದೇ ಬರುತ್ತದೆ, ಬರಲೂ ಬೇಕು. ಅದು ಬರುವವರೆಗಿನ ದಿನಗಳು ಯಶೋದೆಯ ದಿನಗಳು. ಅವನ್ನು ಕಣ್ಣಾರೆ ಕಂಡು ಉಣ್ಣುವ ಬುದ್ಧಿಯನ್ನು ಶ್ರೀದೇವಿಯು ಎಲ್ಲರಿಗೂ ಅನುಗ್ರಹಿಸಲಿ.